ಬೋರನ ರೇಬೀಸ್ ಇಂಜೆಕ್ಷನ್: ಪೆಟ್ ಕ್ಲಿನಿಕ್ಕೋ, ಮನೆಗೆ ಬರುವ ಡಾಕ್ಟರೋ, ಪಶು ಆಸ್ಪತ್ರೆಯೋ?

ನಮ್ಮ ಬೋರ 2020ರ ಕೊನೆಯಲ್ಲಿ ತೋಟದ ಪಂಪ್‌ಹೌಸ್ ಹಿಂದೆ ಸಿಕ್ಕಿದ ಮರಿ. ಜಾತಿಗೀತಿ ಏನಿಲ್ಲ, ಅಪ್ಪಟ ಬೀದಿನಾಯಿ. ಅವತ್ತಿನಿಂದ ಇವತ್ತಿನವರೆಗೆ ಅವನಿಗೆ ರೇಬೀಸ್ ಇಂಜೆಕ್ಷನ್ನನ್ನು ಪೆಟ್ ಕ್ಲಿನಿಕ್‌ನಲ್ಲಿ ಹಾಕಿಸಿದ್ದೇನೆ, ಮನೆಗೇ ಡಾಕ್ಟರನ್ನು ಕರೆಸಿ ಹಾಕಿಸಿದ್ದೇನೆ, ಪಶು ಆಸ್ಪತ್ರೆಯಲ್ಲಿ ಹಾಕಿಸಿದ್ದೇನೆ, ಉಚಿತ ಶಿಬಿರದಲ್ಲೂ ಹಾಕಿಸಿದ್ದೇನೆ. ಯಾವುದು ಒಳ್ಳೆಯದು ಅಂತ ಕೇಳುವವರು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಔಷಧಿಯ ವಿಷಯದಲ್ಲಿ ಎಲ್ಲ ಕಡೆಯೂ ಕೆಲಸ ಒಂದೇ. ಸತ್ತ ವೈರಸ್ಸಿನಿಂದ ಮಾಡಿದ ಲಸಿಕೆ, ಒಂದು ಮಿಲಿ ಲೀಟರ್. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ನಮ್ಮ ಕಡೆ ಡಾಕ್ಟರುಗಳು ಹೇಳುವ ಲೆಕ್ಕ ಇದು. ವ್ಯತ್ಯಾಸ ಇರುವುದು ಔಷಧಿ ತಣ್ಣಗೆ ಬಂತೋ ಇಲ್ಲವೋ, ಕಾರ್ಡಿನಲ್ಲಿ ಏನು ಬರೆದರು, ಮುಂದಿನ ಡೇಟು ಯಾರು ನೆನಪಿಸುತ್ತಾರೆ ಅನ್ನುವುದರಲ್ಲಿ.

ಪೆಟ್ ಕ್ಲಿನಿಕ್‌ನಿಂದ ಶುರು ಮಾಡಿದೆವು. ಫ್ರಿಜ್ಜಿನಿಂದ ನನ್ನ ಕಣ್ಣೆದುರೇ ಬಾಟಲಿ ತೆಗೆದರು. ಅದರ ಮೇಲಿನ ಸ್ಟಿಕರ್ ಕಿತ್ತು ಕಾರ್ಡಿಗೆ ಅಂಟಿಸಿದರು. ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಎಲ್ಲ ಅದರಲ್ಲೇ ಇತ್ತು. ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು. ಕಾರ್ಡಿನ ಅಂದ ನೋಡಿದರೆ ಕ್ಲಿನಿಕ್ಕಿಗೇ ಮೊದಲ ಸ್ಥಾನ. ಫೀಸು ಸೇರಿ ಆರುನೂರು ರೂಪಾಯಿ ಹತ್ತಿರ ಆಯಿತು. ಆದರೆ ಬೋರನಿಗೆ ಆ ಸ್ಟೀಲ್ ಟೇಬಲ್ ಕಂಡರೆ ಆಗುವುದಿಲ್ಲ. ನಾಲ್ಕು ಕಾಲೂ ಜಾರಿ, ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದ.

ಅಲ್ಲಿ ನನ್ನದೇ ಒಂದು ಪೆದ್ದುತನವೂ ನಡೆಯಿತು. 'ನೈನ್ ಇನ್ ಒನ್' ಹಾಕಿಸಿದ ಮೇಲೆ ರೇಬೀಸ್ ಕೂಡ ಆ ಒಂಬತ್ತರಲ್ಲಿ ಒಂದು ಅಂದುಕೊಂಡು ಮನೆಗೆ ಹೊರಟಿದ್ದೆ. ಆ ಒಂಬತ್ತು ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇಂಥವಕ್ಕೆ. ರೇಬೀಸ್‌ಗೆ ಸಾಮಾನ್ಯವಾಗಿ ಬೇರೆಯೇ ಸೂಜಿ. ಬಾಗಿಲ ಹತ್ತಿರ ಕಾಂಪೌಂಡರ್ ಕೂಗಿ ಕರೆದರು, ಬಚಾವಾದೆ.

ಕ್ಲಿನಿಕ್ಕಿನವರು ಮುಂದಿನ ವರ್ಷ ವಾಟ್ಸಾಪ್‌ನಲ್ಲಿ ನೆನಪಿಸಿದ್ದರು. ಆಮೇಲೆ ನಾನು ನಂಬರ್ ಬದಲಾಯಿಸಿದೆ. ಅವರಿಗೆ ಹೇಳಲಿಲ್ಲ. ಅಲ್ಲಿಗೆ ನೆನಪೂ ನಿಂತಿತು. ಸರಿ, ಇನ್ನು ಮೇಲೆ ಪ್ರತಿವರ್ಷ ಯುಗಾದಿಯ ಹಿಂದಿನ ದಿನ ಹಾಕಿಸೋಣ, ಮರೆಯುವ ಪ್ರಶ್ನೆಯೇ ಇಲ್ಲ ಅಂತ ಲೆಕ್ಕ ಹಾಕಿದೆ.

2023ರಲ್ಲಿ ಆ ಲೆಕ್ಕದ ಪ್ರಕಾರ ಮನೆಗೇ ಡಾಕ್ಟರನ್ನು ಕರೆಸಿದೆ. ಮೊದಲು ಬಂದವರು ಬೈಕಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಬಾಟಲಿಯನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದರು. ಈ ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಟೀ ಕೊಟ್ಟು, ಪೆಟ್ರೋಲ್ ದುಡ್ಡು ಕೊಟ್ಟು ಕಳಿಸಿದೆ. ಸಂಜೆ ಬಂದ ಇನ್ನೊಬ್ಬರು ಫ್ಲಾಸ್ಕಿನಲ್ಲಿ ಐಸ್ ಹಾಕಿ ತಂದಿದ್ದರು. ಹಲಸಿನ ಮರದ ಕೆಳಗೆ ಬೋರ ರೊಟ್ಟಿ ತಿನ್ನುತ್ತಿದ್ದ, ಸೂಜಿ ಒಳಗೆ ಹೋಗಿದ್ದೇ ಅವನಿಗೆ ಗೊತ್ತಾಗಲಿಲ್ಲ. ನಾಯಿಯ ನೆಮ್ಮದಿ ನೋಡಿದರೆ ಇದನ್ನು ಮೀರಿಸುವುದು ಇಲ್ಲ. ಖರ್ಚು ಮಾತ್ರ ಸಾವಿರದ ಹತ್ತಿರ. ಕರೆಸುವುದಾದರೆ ಫೋನಿನಲ್ಲೇ 'ಐಸ್ ಹಾಕಿ ತರ್ತೀರಾ ಸಾರ್' ಅಂತ ಕೇಳಿಬಿಡಿ. ನಾಚಿಕೊಳ್ಳುವಂಥದ್ದು ಏನಿದೆ?

ಯುಗಾದಿ ಲೆಕ್ಕ ಕೈ ಕೊಟ್ಟಿದ್ದು ಮರುವರ್ಷ. 2023ರಲ್ಲಿ ಹಬ್ಬ ಮಾರ್ಚ್ 22ಕ್ಕೆ ಬಂದಿತ್ತು. ಆ ಸಂವತ್ಸರದಲ್ಲಿ ಅಧಿಕ ಶ್ರಾವಣ ಬಂದು, 2024ರ ಯುಗಾದಿ ಏಪ್ರಿಲ್ 9ಕ್ಕೆ ಹೋಯಿತು. 384 ದಿನದ ವರ್ಷ! ನಾನು ಆರಾಮಾಗಿದ್ದೆ. ಏಪ್ರಿಲ್ ಮೊದಲ ವಾರದಲ್ಲಿ ಬೋರ ಗ್ಯಾಸ್ ಸಿಲಿಂಡರ್ ತಂದ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿದ. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಹದಿನೈದು ನಿಮಿಷ ಸೋಪು ಹಾಕಿ, ನಲ್ಲಿ ಕೆಳಗೆ ತೊಳೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ನರ್ಸಮ್ಮ ಕೇಳಿದ ಮೊದಲ ಪ್ರಶ್ನೆ, 'ನಾಯಿ ಕಾರ್ಡ್ ಇದೆಯೇನಪ್ಪಾ?' ಇತ್ತು. ಡೇಟು ಮುಗಿದಿತ್ತು. ಡೇಟು ಇದ್ದಿದ್ದರೂ ಹುಡುಗನಿಗೆ ಇಂಜೆಕ್ಷನ್ ತಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಬೋರನನ್ನು ಹತ್ತು ದಿನ ಕಟ್ಟಿಹಾಕಿ, ಅವನು ತಿಂದನಾ, ನೀರು ಕುಡಿದನಾ ಅಂತ ಕಾಯುವಾಗ ಆ ಹುಡುಗ ದಿನಾ ಫೋನ್ ಮಾಡುತ್ತಿದ್ದ. 'ಅಣ್ಣಾ, ನಾಯಿ ಚೆನ್ನಾಗಿದ್ಯಾ?' ಪ್ರತಿಸಲವೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು. ಬೋರನಿಗೆ ಏನೂ ಆಗಲಿಲ್ಲ. ಹುಡುಗ ಎಲ್ಲ ಡೋಸ್ ಮುಗಿಸಿದ. ಈಗಲೂ ಸಿಲಿಂಡರನ್ನು ಗೇಟಿನ ಹೊರಗೇ ಇಳಿಸುತ್ತಾನೆ.

ಹತ್ತು ದಿನ ಕಳೆದ ಮೇಲೆ ಹೋಗಿದ್ದು ಪಶು ಆಸ್ಪತ್ರೆಗೆ. ನಾಯಿಗೂ ಅಲ್ಲಿ ನೋಡುತ್ತಾರೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಂಗಳದಲ್ಲಿ ಎರಡು ಹಸು, ಒಂದು ಕುರಿ, ಆಮೇಲೆ ನಾವು. ಹೋರಿ ಹಿಡಿದು ಅಭ್ಯಾಸವಾದ ಕೈ. ಬೋರನ ಬಾಯಿಗೆ ಹಗ್ಗ ಸುತ್ತಿದರು, ಚುಚ್ಚಿದರು, ಬಿಟ್ಟರು, ಒಂದು ನಿಮಿಷದ ಕೆಲಸ. ತೊಂದರೆ ಎರಡು. ಹನ್ನೊಂದರ ಮೇಲೆ ಡಾಕ್ಟರು ಹಳ್ಳಿ ಕಡೆ ಹೊರಟುಬಿಡುತ್ತಾರೆ. ಕೆಲವು ಸಲ ಲಸಿಕೆ ಇರುವುದಿಲ್ಲ, 'ಹೊರಗಿಂದ ತನ್ನಿ' ಅನ್ನುತ್ತಾರೆ. ನಾನು ಈಗ ಫ್ಲಾಸ್ಕ್ ತೆಗೆದುಕೊಂಡೇ ಹೋಗುತ್ತೇನೆ. ಮೆಡಿಕಲ್ ಸ್ಟೋರಿನ ಫ್ರಿಜ್ಜಿನಿಂದ ಬಾಟಲಿ ನೇರ ಐಸಿನೊಳಕ್ಕೆ.

ಶಿಬಿರ ನೋಡಿದ್ದು ಅದೇ ವರ್ಷ ಸೆಪ್ಟೆಂಬರ್ 28ಕ್ಕೆ. ಅದು ವಿಶ್ವ ರೇಬೀಸ್ ದಿನ, 1895ರಲ್ಲಿ ಲೂಯಿ ಪಾಶ್ಚರ್ ತೀರಿಕೊಂಡ ದಿನ. ಹುಚ್ಚುನಾಯಿ ಕಡಿತಕ್ಕೆ ಪಾಶ್ಚರ್ ಮೊದಲ ಸಲ ಒಬ್ಬ ಹುಡುಗನಿಗೆ ಲಸಿಕೆ ಕೊಟ್ಟಿದ್ದು 1885ರ ಜುಲೈ 6ಕ್ಕೆ. ಆ ದಿನವೂ ಎಷ್ಟೋ ಕಡೆ ಶಿಬಿರ ಇರುತ್ತದೆ. ಏಪ್ರಿಲ್‌ನಲ್ಲಿ ಹಾಕಿಸಿದ್ದರೂ ಡೇಟು ಬದಲಾಯಿಸಲಿಕ್ಕೆ ಅಂತಲೇ ಡಾಕ್ಟರನ್ನು ಕೇಳಿ ಇನ್ನೊಮ್ಮೆ ಹಾಕಿಸಿದೆ. ದುಡ್ಡು ಒಂದು ಪೈಸೆಯೂ ಇಲ್ಲ. ಆದರೆ ಮೂವತ್ತು ನಾಯಿ ಒಂದೇ ಶಾಮಿಯಾನದ ಕೆಳಗೆ ಅಂದರೆ ಹೇಗಿರುತ್ತದೆ? ಒಂದು ಗುರ್ ಅಂದರೆ ಎಲ್ಲವೂ ಗುರ್. ಹತ್ತು ಡೋಸಿನ ದೊಡ್ಡ ಬಾಟಲಿಯಿಂದ ಹಾಕುವುದರಿಂದ ಕಾರ್ಡಿಗೆ ಸ್ಟಿಕರ್ ಸಿಗಲಿಲ್ಲ. ಬ್ಯಾಚ್ ನಂಬರ್ ಕೈಯಲ್ಲಿ ಬರೆಸಿಕೊಂಡೆ. ಕೇಳದಿದ್ದರೆ ಬರೀ ಸಹಿ ಹಾಕಿ ಕಳಿಸುತ್ತಿದ್ದರೋ ಏನೋ. ಸಾಧು ನಾಯಿ ಇದ್ದವರು ಧಾರಾಳವಾಗಿ ಹೋಗಬಹುದು. ಬೋರನಂಥ ಜಗಳಗಂಟನಿಗೆ ಬೇಡ.

ಈಗ ನಾನು ಮಾಡುವುದು ಹೀಗೆ: ಡೇಟು ಶಿಬಿರದ್ದು, ಜಾಗ ಪಶು ಆಸ್ಪತ್ರೆಯದು. ಸೆಪ್ಟೆಂಬರ್ ಮೂರನೇ ವಾರ, ಗುಂಪು ಸೇರುವ ಮೊದಲು, ಬೆಳಿಗ್ಗೆ ಒಂಬತ್ತಕ್ಕೆ. 28 ಯಾವ ಅಧಿಕ ಮಾಸಕ್ಕೂ ಜರುಗುವುದಿಲ್ಲ, ಅಲ್ವಾ? ಹೋದ ವರ್ಷ ಪಕ್ಕದ ಮನೆ ಅಕ್ಕನೂ ತಮ್ಮ ಪಮೇರಿಯನ್ ಹಿಡಿದುಕೊಂಡು ನಮ್ಮ ಆಟೋದಲ್ಲೇ ಬಂದರು. ಬೋರ ದಾರಿಯುದ್ದಕ್ಕೂ ಅದರ ಕಡೆ ತಿರುಗಿ ನೋಡಲಿಲ್ಲ. ಫ್ಲಾಸ್ಕನ್ನೇ ಮೂಸುತ್ತಾ ಕೂತಿದ್ದ.