ಇಂಗ್ಲಿಷ್ ಬೈಗುಳದ ಬೇರು ಹುಡುಕಲು ಎಟಿಮ್‌ಆನ್‌ಲೈನ್

ಶಿವಮೊಗ್ಗದ ಕಾಲೇಜು ಹುಡುಗರ ಬಾಯಲ್ಲಿ ‘ಮೋರಾನ್’ ಅಂದರೆ ನಮ್ಮ ಬೆಪ್ಪುತಕ್ಕಡಿ. ಇಂಗ್ಲಿಷ್ ಪದಗಳ ಮೂಲ ತಿಳಿಸುವ ಎಟಿಮ್‌ಆನ್‌ಲೈನ್ ಎಂಬ ಉಚಿತ ಜಾಲತಾಣದಲ್ಲಿ ಪದ ಟೈಪ್ ಮಾಡಿದರೆ ಬೇರು ಸಿಗುತ್ತದೆ: ಗ್ರೀಕಿನ ‘ಮೋರೋಸ್’, ಅಂದರೆ ಮಂಕು. 1910ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗಾಡರ್ಡ್, 8ರಿಂದ 12 ವರ್ಷದ ಮಕ್ಕಳಷ್ಟು ಬುದ್ಧಿಮಟ್ಟದ ವಯಸ್ಕರಿಗೆಂದು ಟಂಕಿಸಿದ ಪದ ಅದು; ಬೈಗುಳವಾಗಿದ್ದು ಆಮೇಲೆ. ಆ ಹಣೆಪಟ್ಟಿ ಹೊತ್ತವರ ಪಾಡು ನೆನೆದರೆ ಸಂಕಟವಾಗುತ್ತದೆ.

ಓದುಗರು ಎಡವುವುದು ಪದದ ಜೊತೆ ತಾಣ ಕೊಡುವ ಇಸವಿಯಲ್ಲಿ. ಅಲ್ಲಿರುವುದು ಬರಹದಲ್ಲಿ ಮೊದಲು ಸಿಕ್ಕ ಕಾಲ, ಪದ ಹುಟ್ಟಿದ ಕಾಲವಲ್ಲ. ಬೀದಿಮಾತು ಅಚ್ಚಿಗೆ ಬರುವುದೇ ತಡ. ಹಳೆಯ ಬಳಕೆಯ ವಾಕ್ಯಗಳು ಸಾಲಾಗಿ ಬೇಕಿದ್ದರೆ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟೇ ಗತಿ. ಪದದ ಮೂಲ ಖಚಿತವಿಲ್ಲದಿದ್ದರೆ ಎಟಿಮ್‌ಆನ್‌ಲೈನ್‌ನವರು ಹಾಗೆಂದೇ ಬರೆಯುತ್ತಾರೆ. ವಾಟ್ಸಾಪ್‌ನ ಕಟ್ಟುಕತೆಗಿಂತ ಅದೇ ವಾಸಿ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ನೆಟ್‌ವರ್ಕ್ ಕೈಕೊಡುತ್ತದೆ, ಬೇಕಾದ ಪುಟ ಮೊದಲೇ ಇಳಿಸಿಟ್ಟುಕೊಳ್ಳಿ.