ನಾಲ್ಕು ಎಮ್ಮಾ, ಒಬ್ಬರು ಸೋದರತ್ತೆ

ನಮ್ಮ ಸೋದರತ್ತೆ ಇದುವರೆಗೆ ಹನ್ನೊಂದು ಸಂಬಂಧ ಕುದುರಿಸಿದ್ದಾರೆ. ಮುರಿದುಬಿದ್ದ ಎರಡು ಆ ಲೆಕ್ಕಕ್ಕೆ ಬರುವುದಿಲ್ಲ. ಜೇನ್ ಆಸ್ಟೆನ್ ಅವರ 'ಎಮ್ಮಾ' ಕಾದಂಬರಿಯಿಂದ ಬಂದ ನಾಲ್ಕು ಚಿತ್ರರೂಪಗಳನ್ನು ಒಂದರ ಹಿಂದೊಂದು ನೋಡುವ ಹುಚ್ಚು ನನಗೆ ಹತ್ತಿದಾಗ, ಜೊತೆಗೆ ಕೂರಲು ಅವರಿಗಿಂತ ತಕ್ಕವರು ಸಿಗಲಿಲ್ಲ. ಮಳೆಗಾಲದ ಎರಡು ವಾರ, ರಾತ್ರಿ ಊಟವಾದ ಮೇಲೆ. ಅತ್ತೆ ಕೈ ಎತ್ತಿದಾಗಲೆಲ್ಲ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು, ಅದು ಷರತ್ತು.

1815ರ ಕೊನೆಗೆ ಬಂದ ಕಾದಂಬರಿ. ಊರು ಇಂಗ್ಲೆಂಡಿನ ಸರ್ರೆಯ ಹೈಬರಿ, ಕಲ್ಪಿತ. ಎಮ್ಮಾಗೆ ಇಪ್ಪತ್ತೊಂದರ ಹತ್ತಿರ ವಯಸ್ಸು, ಹೆಸರಿನಲ್ಲಿ 30,000 ಪೌಂಡ್, ಮಾಡಲು ಕೆಲಸವಿಲ್ಲ. ತನ್ನನ್ನು ಬೆಳೆಸಿದ ಟೀಚರಮ್ಮನ ಮದುವೆ ತನ್ನಿಂದಲೇ ಆಯಿತೆಂದು ನಂಬಿ, ಹ್ಯಾರಿಯೆಟ್ ಎಂಬ ಬಡಪಾಯಿಗೆ ಊರ ಪಾದ್ರಿಯನ್ನು ಗಂಟುಹಾಕಲು ಹೊರಡುತ್ತಾಳೆ. ಪಾದ್ರಿಯ ಕಣ್ಣಿರುವುದು ಎಮ್ಮಾಳ ಮೇಲೆ. ಈ ನಡುವೆ ರಾಬರ್ಟ್ ಮಾರ್ಟಿನ್ ಎಂಬ ಗೇಣಿ ರೈತ ಹ್ಯಾರಿಯೆಟ್‌ಗೆ ಚೆಂದದ ಕಾಗದ ಬರೆದು ಕೇಳುತ್ತಾನೆ. ಎಮ್ಮಾ ಅದನ್ನು ತಪ್ಪಿಸುತ್ತಾಳೆ. "ದುಡಿಯೋ ಹುಡುಗ, ಅಕ್ಷರ ಬರುತ್ತೆ, ತಾನಾಗಿ ಕೇಳಿದಾನೆ. ಇವಳಿಗೇನು ಬಂತು ಕೇಡು?" ಎಂದು ಅತ್ತೆ ಮೊದಲ ರಾತ್ರಿಯೇ ಸಿಟ್ಟಾದರು.

ಮೊದಲು ನೋಡಿದ್ದು 2020ರದ್ದು. ನಿರ್ದೇಶಕಿ ಆಟಮ್ ಡಿ ವೈಲ್ಡ್ ಮೂಲತಃ ಛಾಯಾಗ್ರಾಹಕಿ, ಇದು ಅವರ ಮೊದಲ ಚಿತ್ರ. ಅದು ಕಾಣುತ್ತದೆ: ಗೋಡೆಗಳು ಪೇಡೆಯ ಡಬ್ಬಿಯ ಬಣ್ಣ, ಎಮ್ಮಾ ಆಗಿರುವ ಅನ್ಯಾ ಟೇಲರ್-ಜಾಯ್ ಕತ್ತಿನ ಸುತ್ತಲ ಬಟ್ಟೆಗೂ ಗತ್ತು. ಸದಾ ಚಳಿಗಾಳಿಗೆ ಹೆದರುವ ಅಪ್ಪನ ಪಾತ್ರದಲ್ಲಿ ಬಿಲ್ ನೈ ಕೂತರೆ ಸಾಕು, ಆಳುಗಳು ಮಡಿಸುವ ಪರದೆಗಳನ್ನು ಹೊತ್ತು ಓಡಿ ಬರುತ್ತಾರೆ. ಅತ್ತೆ ಅಲ್ಲಿ ನಕ್ಕಷ್ಟು ಇನ್ನೆಲ್ಲೂ ನಗಲಿಲ್ಲ. ಎಮ್ಮಾಳನ್ನು ಸದಾ ತಿದ್ದುವ ನೆರೆಯ ನೈಟ್ಲಿ ಸಾಹೇಬ ಕೊನೆಗೆ ಪ್ರೀತಿ ಹೇಳಿಕೊಳ್ಳುವ ಗಳಿಗೆಯಲ್ಲಿ ಎಮ್ಮಾಳ ಮೂಗಿನಿಂದ ರಕ್ತ ಸುರಿಯುತ್ತದೆ. ಅಷ್ಟು ಹೊತ್ತು ಗೊಂಬೆಯಂತಿದ್ದವಳು ಆಗ ಮನುಷ್ಯಳಾಗುತ್ತಾಳೆ, ನನಗೆ ತುಸು ತಡವಾಯಿತು ಅನಿಸಿತು.

1996ರಲ್ಲಿ ಎರಡು ಬಂದವು. ಡಗ್ಲಸ್ ಮೆಕ್‌ಗ್ರಾ ಅವರ ಸಿನಿಮಾದಲ್ಲಿ ಗ್ವಿನೆತ್ ಪ್ಯಾಲ್ಟ್ರೋ. ಹಿತವಾಗಿದೆ, ಬಿಸಿಲಿದೆ, ರೇಚಲ್ ಪೋರ್ಟ್‌ಮನ್ ಸಂಗೀತಕ್ಕೆ ಆಸ್ಕರ್ ಬಂದಿದೆ. ಬಿಲ್ಲು ಹಿಡಿದು ನೈಟ್ಲಿ ಜೊತೆ ಜಗಳವಾಡುತ್ತ ಎಮ್ಮಾಳ ಬಾಣ ಅಡ್ಡಾದಿಡ್ಡಿ ಹೋಗುವ ದೃಶ್ಯವನ್ನು ನಾವು ಎರಡು ಸಲ ಹಾಕಿಕೊಂಡೆವು. ಇನ್ನೊಂದು ಟಿ.ವಿ.ಗೆ ಮಾಡಿದ್ದು, ಕೇಟ್ ಬೆಕಿನ್ಸೇಲ್ ಮತ್ತು ಮಾರ್ಕ್ ಸ್ಟ್ರಾಂಗ್. ಅದು ಶುರುವಾಗುವುದೇ ರಾತ್ರಿ ಕೋಳಿ ಕಳ್ಳರಿಂದ. ಪಿಕ್ನಿಕ್ಕಿಗೆ ಸಾಮಾನು ಹೊತ್ತು ಗುಡ್ಡ ಹತ್ತುವ ಆಳುಗಳು ಇದರಲ್ಲಿ ಕಣ್ಣಿಗೆ ಬೀಳುತ್ತಾರೆ. ಆದರೆ ಸ್ಟ್ರಾಂಗ್ ಅವರ ನೈಟ್ಲಿ ಸಾಹೇಬ ಗದರಿಸುವುದೇ ಹೆಚ್ಚು. ಪ್ರೀತಿಯ ಮಾತಿನ ನಡುವೆ, ನೀನು ಮೂರು ವಾರದ ಕೂಸಾಗಿದ್ದಾಗ ಎತ್ತಿಕೊಂಡಿದ್ದೆ ಎಂದುಬಿಡುತ್ತಾನೆ. "ಅಯ್ಯೋ, ಈ ಮಾತು ಈಗ ಬೇಕಿತ್ತಾ" ಎಂದು ಅತ್ತೆ ಶಾಲು ಮುಖಕ್ಕೆಳೆದುಕೊಂಡರು. ಕಾದಂಬರಿಯಲ್ಲಿ ಇಬ್ಬರ ಅಂತರ ಹದಿನಾರು ವರ್ಷ. ನಾಲ್ಕರಲ್ಲಿ ಯಾವ ನಟ ಜೋಡಿಗೂ ಅಷ್ಟಿಲ್ಲ, ಪುಣ್ಯ.

2009ರ ಬಿಬಿಸಿ ಧಾರಾವಾಹಿ ನಾಲ್ಕು ಕಂತು, ನಾಲ್ಕು ಗಂಟೆ. ರೊಮೋಲಾ ಗರಾಯ್ ಕಣ್ಣು ಅಗಲಿಸುತ್ತಾರೆ, ಕೈ ಬೀಸುತ್ತಾರೆ, ಮೊದಲ ಅರ್ಧ ಗಂಟೆ ಸ್ವಲ್ಪ ಅತಿಯಾಯಿತು ಎನಿಸುತ್ತದೆ. ಆಮೇಲೆ ಅದೇ ಹಿಡಿಸುತ್ತದೆ: ಈ ಹುಡುಗಿ ಊರು ಬಿಟ್ಟು ಎಲ್ಲೂ ಹೋಗಿಲ್ಲ, ಬೇಜಾರಿಗೆ ಬೇರೆಯವರ ಬದುಕಿಗೆ ಕೈ ಹಾಕುತ್ತಾಳೆ. ನೈಟ್ಲಿ ಆಗಿರುವ ಜಾನಿ ಲೀ ಮಿಲ್ಲರ್ ಜೊತೆಗಿನ ಜಗಳ ಪಕ್ಕದ ಮನೆಯವರ ಜಗಳದ ಹಾಗೆಯೇ ಇದೆ, ಬೆಳಗಾದರೆ ಮತ್ತೆ ಬಾಗಿಲಿಗೆ ಬರುವಂಥದ್ದು.

ಎಲ್ಲಕ್ಕೂ ನಾನು ಇಟ್ಟ ಒರೆಗಲ್ಲು ಬಾಕ್ಸ್ ಹಿಲ್ ಪಿಕ್ನಿಕ್. ಒಂದು ಜಾಣ ಮಾತು ಹೇಳಿ, ಇಲ್ಲವೇ ಮೂರು ಪೆದ್ದು ಮಾತು ಹೇಳಿ ಎಂಬ ಆಟ. ಬಡವಿ, ಅವಿವಾಹಿತೆ, ವಾಚಾಳಿ ಮಿಸ್ ಬೇಟ್ಸ್ ನಗುತ್ತ, ಮೂರು ಪೆದ್ದು ಮಾತು ನನಗೆ ಬಾಯಿ ಬಿಟ್ಟರೆ ಸಾಕು ಎನ್ನುತ್ತಾಳೆ. ಮೂರಕ್ಕೇ ನಿಲ್ಲಿಸುವುದು ನಿಮಗೆ ಕಷ್ಟ ಎಂದು ಎಮ್ಮಾ ಚುಚ್ಚುತ್ತಾಳೆ. ಬೆಕಿನ್ಸೇಲ್ ಮಾತು ಸೂಜಿಯಂತೆ ಬಂದು ಹೋಗುತ್ತದೆ. 2020ರಲ್ಲಿ ಮಿಸ್ ಬೇಟ್ಸ್ ಆಗಿರುವ ಮಿರಾಂಡಾ ಹಾರ್ಟ್ ಮುಖ ಕಂಡರೆ ಹೊಟ್ಟೆ ಕಿವುಚುತ್ತದೆ. ಆದರೂ ಪ್ಯಾಲ್ಟ್ರೋ ಚಿತ್ರದ ಸೋಫಿ ಥಾಂಪ್ಸನ್ ಮುಂದೆ ಉಳಿದವರು ಅರ್ಧ ಹೆಜ್ಜೆ ಹಿಂದೆ: ಸದಾ ಓಡುತ್ತಿದ್ದ ನಾಲಗೆ ತೊದಲಿ ತಡವರಿಸುವುದನ್ನು ಕೇಳಿ. ಅತ್ತೆ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು.

ಒಂದೇ ರಾತ್ರಿ ಬಿಡುವಿದ್ದರೆ 2020ರದ್ದು ನೋಡಿ, ಕಣ್ಣಿಗೆ ಹಬ್ಬ. ಮನೆಯವರೆಲ್ಲ ಸೇರಿ ನೋಡುವುದಾದರೆ ಪ್ಯಾಲ್ಟ್ರೋದು. ನನ್ನ ಆಯ್ಕೆ 2009, ಎಮ್ಮಾಳ ಮೇಲೆ ಸಿಟ್ಟು ಬಂದರೂ ಅವಳ ಕೈ ಬಿಡಲು ಮನಸ್ಸಾಗದ್ದು ಅದರಲ್ಲಿ ಮಾತ್ರ. ಅತ್ತೆಯದು ಇನ್ನೂ ತೀರ್ಮಾನವಾಗಿಲ್ಲ. ನಾಲ್ಕನೇ ಕಂತು ಮುಗಿದು ನಾನು ಟಿ.ವಿ. ಆರಿಸಲು ಎದ್ದಾಗ, "ಇರು ಇರು, ಆ ಮಾರ್ಟಿನ್ ಕಾಗದ ಬರೀತಾನಲ್ಲ, ಅದನ್ನ ಇನ್ನೊಂದ್ಸಲ ಹಾಕು" ಎಂದರು.