ಬಯಲಾಟಕ್ಕೆ ಹ್ಯಾಂಡಿಕ್ಯಾಮ್: ಪೆಟ್ಟಿಗೆಯ ಮೇಲಿನ ಸೌಲಭ್ಯಗಳಲ್ಲಿ ಯಾವುದು ಗೆದ್ದಿತು?

ಹೊಸ ಕ್ಯಾಮ್‌ಕಾರ್ಡರ್‌ನ ಪೆಟ್ಟಿಗೆಯ ಮೇಲೆ ಸಾಲಾಗಿ ಅಚ್ಚಾಗಿರುವ ಸೌಲಭ್ಯಗಳೆಲ್ಲ ಒಂದೇ ಬಣದವು ಎಂದು ನಂಬಿದರೆ ಕೆಟ್ಟಿರಿ. ಒಂದನ್ನು ಚಾಲೂ ಮಾಡಿದರೆ ಅದು ಇನ್ನೊಂದರ ಪಾಲನ್ನು ಕಸಿಯುತ್ತದೆ. ನಾನು ಕೊಂಡದ್ದು ಸೋನಿ ಎಚ್‌ಡಿಆರ್-ಸಿಎಕ್ಸ್405. 2015ರಲ್ಲಿ ಬಂದ ಮಾದರಿ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕೊಂಡದ್ದು ಯಕ್ಷಗಾನ ಬಯಲಾಟಗಳ ದಾಖಲೆಗೆ. ಹಾಗಾಗಿ ಇಲ್ಲಿನ ತೀರ್ಪುಗಳೆಲ್ಲ ರಾತ್ರಿಯ ರಂಗಸ್ಥಳದಲ್ಲಿ ಬಂದವು. ಮಗುವಿನ ಹುಟ್ಟುಹಬ್ಬಕ್ಕೆ ಇವೇ ಅನ್ವಯಿಸಬೇಕೆಂದಿಲ್ಲ.

"ಫೋನ್ ಇರುವಾಗ ಇದೇಕೆ?" ಎಂಬ ಪ್ರಶ್ನೆ ಮನೆಯಲ್ಲೇ ಎದ್ದಿತ್ತು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದೆ. ರಂಗಸ್ಥಳದ ಮುಂದಿನ ಸಾಲಿನಲ್ಲಿ ಕುಳಿತರೆ ಫೋನೇ ಮೇಲು. ಸೋನಿಯ ಸೆನ್ಸರ್ 1/5.8 ಇಂಚಿನದು; ಇಂದಿನ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಅದಕ್ಕಿಂತ ಬಹಳ ದೊಡ್ಡದು, ಕತ್ತಲಲ್ಲಿ ಚಿತ್ರ ಹೆಚ್ಚು ಸ್ವಚ್ಛ. ಆದರೆ ಮುಂದಿನ ಸಾಲಿನಲ್ಲಿ ಟ್ರೈಪಾಡ್ ನೆಟ್ಟರೆ ಹಿಂದಿನವರು ಸುಮ್ಮನಿರುತ್ತಾರೆಯೇ? ಕುರ್ಚಿಗಳ ಹಿಂದಕ್ಕೆ ಸರಿದ ಕೂಡಲೇ ಆಟ ತಿರುಗುತ್ತದೆ. ಸೋನಿಯ ಮಸೂರ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ (ಅಂಕಿ ಹೆಚ್ಚಿದಷ್ಟೂ ನೋಟ ಹತ್ತಿರ) 26.8ರಿಂದ 804 ಎಂಎಂವರೆಗೆ ಹೋಗುತ್ತದೆ. ರಾಕ್ಷಸ ಪಾತ್ರವಾದ ಬಣ್ಣದ ವೇಷದ ಮುಖದ ಮೇಲೆ ಮುಳ್ಳಿನಂತೆ ಎದ್ದು ನಿಂತ ಬಿಳಿ ಅಲಂಕಾರವಾದ ಚುಟ್ಟಿಯನ್ನು ಒಂದೊಂದಾಗಿ ಎಣಿಸಬಹುದು. ಅಷ್ಟೇ ದೂರದಿಂದ ಫೋನಿನಲ್ಲಿ ಹಿಗ್ಗಿಸಿದರೆ ಅದೇ ಚುಟ್ಟಿ ಸುಣ್ಣ ಬಳಿದ ಪಟ್ಟೆಯಾಗಿ ಕಾಣುತ್ತದೆ. ಜೊತೆಗೆ ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್) ಹಿಡಿಯುತ್ತದೆ, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಇವೆರಡರ ತಾಳ ತಪ್ಪಿ ಚಿತ್ರ ಮಿನುಗುತ್ತದೆ. 25 ಮತ್ತು 50 ಚೌಕಟ್ಟುಗಳ ಲೆಕ್ಕದಲ್ಲಿ ನಡೆಯುವ ಕ್ಯಾಮ್‌ಕಾರ್ಡರ್‌ಗೆ ಈ ಕಾಟ ಕಡಿಮೆ.

ಇನ್ನು ಝೂಮ್‌ಗಳ ಒಳಜಗಳ. ಮಸೂರವೇ ಎಳೆಯುವ ಆಪ್ಟಿಕಲ್ 30 ಪಟ್ಟು, ತಂತ್ರಾಂಶ ತುಂಬಿಕೊಡುವ ಕ್ಲಿಯರ್ ಇಮೇಜ್ 60 ಪಟ್ಟು, ಚಿತ್ರವನ್ನು ಬರಿದೇ ಹಿಗ್ಗಿಸುವ ಡಿಜಿಟಲ್ 350 ಪಟ್ಟು. ಕೊನೆಯದನ್ನು ಒಮ್ಮೆ ನೋಡಿ ನಕ್ಕು ಮೆನುವಿನಲ್ಲಿ ಬಂದ್ ಮಾಡಿಬಿಡಿ. ಕ್ಲಿಯರ್ ಇಮೇಜ್ ಹಗಲಿಗೆ ಪರವಾಗಿಲ್ಲ, ರಾತ್ರಿಯಲ್ಲಿ ಕಿರೀಟದ ಕುಸುರಿಯನ್ನು ಕಲಸಿಬಿಡುತ್ತದೆ. ಉಳಿದ ಆಪ್ಟಿಕಲ್‌ಗೂ ಒಂದು ಗುಟ್ಟಿದೆ. ಅಗಲ ನೋಟದಲ್ಲಿ ಈ ಮಸೂರದ ದ್ವಾರ ಎಫ್1.8, ಪೂರ್ತಿ ಎಳೆದಾಗ ಎಫ್4 (ಅಂಕಿ ಹೆಚ್ಚಿದಷ್ಟೂ ದ್ವಾರ ಕಿರಿದು). ಅಂದರೆ ಒಳಗೆ ಬರುವ ಬೆಳಕು ಸುಮಾರು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ಕೊರತೆ ತುಂಬಲು ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುತ್ತದೆ, ಕಪ್ಪು ಹಿನ್ನೆಲೆಯಲ್ಲಿ ರವೆ ಚೆಲ್ಲಿದಂತೆ ಕಾಳುಗಳು ಕುಣಿಯುತ್ತವೆ. ಆದ್ದರಿಂದ ಬಟನ್ ಒತ್ತುವುದಕ್ಕಿಂತ ಟ್ರೈಪಾಡನ್ನು ನಾಲ್ಕು ಹೆಜ್ಜೆ ಮುಂದಿಡುವುದು ಲೇಸು.

ಕೈನಡುಕ ತಡೆಯುವ ಸ್ಟೆಡಿಶಾಟ್‌ನಲ್ಲಿ ಆಕ್ಟಿವ್, ಸ್ಟ್ಯಾಂಡರ್ಡ್ ಎಂಬ ಆಯ್ಕೆಗಳಿವೆ, ಆಫ್ ಕೂಡ ಇದೆ. ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷ ಕಟ್ಟುವುದನ್ನು ನಡೆದಾಡುತ್ತ ಹಿಡಿಯಲು ಆಕ್ಟಿವ್ ಚೆನ್ನಾಗಿದೆ. ಅಂಚನ್ನು ಕತ್ತರಿಸಿ ನೋಟವನ್ನು ತುಸು ಕಿರಿದು ಮಾಡುವುದೇ ಅದಕ್ಕೆ ತೆರುವ ಬೆಲೆ. ಟ್ರೈಪಾಡ್ ಮೇಲೆ ಅದೇ ಆಕ್ಟಿವ್ ಉಪದ್ರವ. ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕುತ್ತಿರುವ ಪುಂಡುವೇಷವನ್ನು (ಚುರುಕಿನ ತರುಣ ಪಾತ್ರವನ್ನು) ಹಿಂಬಾಲಿಸಿ ಕ್ಯಾಮೆರಾ ತಿರುಗಿಸಿ ನಿಲ್ಲಿಸಿದರೆ, ನನ್ನ ಕೈ ನಿಂತರೂ ಚಿತ್ರ ನಿಲ್ಲದೆ ಒಂದಿಷ್ಟು ಜಾರುತ್ತದೆ. ನಾನು ಬೇಕೆಂದೇ ಮಾಡಿದ ಚಲನೆಯನ್ನೂ ಅದು ನಡುಕ ಎಂದು ಭಾವಿಸಿ ತಿದ್ದಲು ಹೋಗುವುದರ ಫಲ ಅದು. ಟ್ರೈಪಾಡ್ ಹತ್ತಿದ ಮೇಲೆ ಆಫ್ ಮಾಡಿ, ಸಂದೇಹವೇ ಬೇಡ.

ಧೀಂಗಿಣದ ಮಾತು ಬಂದದ್ದರಿಂದ ಚಿತ್ರದ ಸ್ವರೂಪಗಳನ್ನೂ ಇಲ್ಲೇ ತೂಗಿಬಿಡುತ್ತೇನೆ. ಈ ಕ್ಯಾಮೆರಾ ವಿಡಿಯೊ ಬರೆದಿಡುವ ಬಗೆಗಳಲ್ಲಿ ಎವಿಸಿಎಚ್‌ಡಿ ಒಂದು, ಎಕ್ಸ್‌ಎವಿಸಿ ಎಸ್ ಇನ್ನೊಂದು. ಎವಿಸಿಎಚ್‌ಡಿಯ 50ಐನಲ್ಲಿ ಒಂದು ಚೌಕಟ್ಟು ಎರಡು ಅರೆಬರೆ ಭಾಗಗಳಾಗಿ ದಾಖಲಾಗುತ್ತದೆ. ಟಿವಿಯಲ್ಲಿ ಗೊತ್ತಾಗದು, ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿದರೆ ಗಿರಕಿ ಹೊಡೆಯುವ ವೇಷದ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿರುತ್ತದೆ. ಪ್ರತಿ ಚೌಕಟ್ಟನ್ನೂ ಇಡಿಯಾಗಿ ಬರೆಯುವ 50ಪಿಯಲ್ಲಿ ಈ ಸೀಳಿಲ್ಲ, ಧೀಂಗಿಣದ ಪ್ರತಿ ಸುತ್ತೂ ಗಟ್ಟಿಯಾಗಿ ಕಾಣುತ್ತದೆ. ಎಕ್ಸ್‌ಎವಿಸಿ ಎಸ್ ಇನ್ನೂ ಸೊಗಸು. ಆದರೆ ಅದರ ದರ ಸೆಕೆಂಡಿಗೆ 50 ಮೆಗಾಬಿಟ್, ಗಂಟೆಗೆ 22 ಜಿಬಿ ನುಂಗುತ್ತದೆ. 10ನೇ ಕ್ಲಾಸಿನ ಮೈಕ್ರೊ ಎಸ್‌ಡಿಎಕ್ಸ್‌ಸಿ ಕಾರ್ಡೇ ಬೇಕು. 64 ಜಿಬಿಯದಾದರೂ ಮೂರು ಗಂಟೆ ದಾಟದು. ಎವಿಸಿಎಚ್‌ಡಿಯ ಎಫ್‌ಎಚ್ ಗುಣಮಟ್ಟ ಸರಾಸರಿ 17 ಮೆಗಾಬಿಟ್‌ನದು, ಗಂಟೆಗೆ ಎಂಟು ಜಿಬಿಯೊಳಗೆ. ಕೆಲವೇ ಗಂಟೆಗಳ ಕಾಲಮಿತಿ ಪ್ರಸಂಗಕ್ಕೆ ಎಕ್ಸ್‌ಎವಿಸಿ ಎಸ್, ಇಡೀ ರಾತ್ರಿಯ ಆಟಕ್ಕೆ ಎಫ್‌ಎಚ್ ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಬ್ಯಾಟರಿ ಮಾತ್ರ ಯಾವ ಸ್ವರೂಪಕ್ಕೂ ಕರುಣೆ ತೋರದು. ಹೆಚ್ಚುವರಿ ಬ್ಯಾಟರಿಗಳು ಜೇಬಿನಲ್ಲಿರಲಿ.

ಸ್ವಯಂಚಾಲಿತವೋ, ಕೈಯಾರೆಯೋ? ಕೈಯಾರೆಯೇ. ಹಿಂದೆ ಕತ್ತಲೆ, ಮುಂದೆ ದೀಪಕ್ಕೆ ಹೊಳೆಯುವ ಕಿರೀಟ. ಕ್ಯಾಮೆರಾ ಕತ್ತಲೆಯನ್ನು ನೋಡಿ ಹೆದರಿ ಬೆಳಕು ಏರಿಸುತ್ತದೆ, ಮುಖದ ಬಣ್ಣಗಾರಿಕೆ ಬಿಳಿಚಿ ಹೋಗುತ್ತದೆ. ಎಕ್ಸ್‌ಪೋಶರನ್ನು ಇಳಿಸಿ ಕಟ್ಟಿಹಾಕಬೇಕು. ದೀಪಕ್ಕೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್‌ನಲ್ಲಿ ಒನ್ ಪುಶ್ ಎಂಬುದಿದೆ. ಆಟ ಶುರುವಾಗುವ ಮುನ್ನ ರಂಗಸ್ಥಳದ ದೀಪದ ಕೆಳಗೆ ಬಿಳಿ ಪಂಚೆಯೊಂದಕ್ಕೆ ಗುರಿಯಿಟ್ಟು ಹೊಂದಿಸಿಕೊಂಡರೆ, ಕೆಂಪು ವೇಷ ಬಂದಾಗ ಇಡೀ ಚಿತ್ರ ನೀಲಿಗೆ ವಾಲುವುದು ತಪ್ಪುತ್ತದೆ. ಮುಖ ಗುರುತಿಸುವ ಸೌಲಭ್ಯಕ್ಕೆ ಬಣ್ಣದ ವೇಷ ಮುಖವೆಂದೇ ಅನಿಸುವುದಿಲ್ಲ. ಹಿಂದೆ ಕುಳಿತ ಮದ್ದಳೆಗಾರರ ಮೇಲೆ ಚೌಕ ಮೂಡಿಸುತ್ತದೆ. ನಗು ಕಂಡರೆ ತಾನೇ ಚಿತ್ರ ತೆಗೆಯುವ ಸ್ಮೈಲ್ ಶಟರ್ ಹಾಸ್ಯಗಾರರ ಪಾಲಿಗಿರಲಿ.

ಧ್ವನಿಯಲ್ಲಿ ಸೋನಿ ಸೋಲುತ್ತದೆ, ಏಕೆಂದರೆ ಇದಕ್ಕೆ ಹೊರ ಮೈಕಿನ ಕಿಂಡಿಯೇ ಇಲ್ಲ. ಚೆಂಡೆ ಬಿದ್ದ ಕೂಡಲೇ ಒಳಮೈಕಿನ ಮಟ್ಟ ತಾನಾಗಿ ಕುಗ್ಗುತ್ತದೆ, ಮತ್ತೆ ಏರುವಷ್ಟರಲ್ಲಿ ಭಾಗವತರ ಪದ್ಯದ ಎತ್ತುಗಡೆ ಮುಳುಗಿರುತ್ತದೆ. ಝೂಮ್ ಮೈಕ್ ಹಾಕಿದರಂತೂ ಚಿತ್ರ ಹತ್ತಿರವಾದಂತೆ ಸ್ವರವೂ ಹಿಗ್ಗಿ ಕುಗ್ಗಿ ತಲೆ ಕೆಡಿಸುತ್ತದೆ. ಸ್ನೇಹಿತರ ಕ್ಯಾನನ್ ಲೆಗ್ರಿಯಾ ಎಚ್‌ಎಫ್ ಆರ್806 ಇಲ್ಲಿ ಸ್ಪಷ್ಟವಾಗಿ ಮುಂದು: ಮೈಕಿಗೂ ಹೆಡ್‌ಫೋನಿಗೂ ಕಿಂಡಿಗಳಿವೆ, ಮೂರಿಂಚಿನ ಸ್ಪರ್ಶಪರದೆಯೂ ಇದೆ. ಧ್ವನಿವರ್ಧಕದವರಿಂದ ನೇರ ತಂತಿ ಎಳೆಯಬಹುದು. ಆದರೆ ಮಟ್ಟ ತಗ್ಗಿಸುವ ಕೇಬಲ್ ನಡುವೆ ಇರದಿದ್ದರೆ ಸ್ವರ ಒಡೆಯುತ್ತದೆ. ನೋಟದ ಅಗಲದಲ್ಲಿ ಮಾತ್ರ ಅದು ಸೋನಿಗೆ ಸಾಟಿಯಲ್ಲ, ಇಡೀ ರಂಗಸ್ಥಳ ಚೌಕಟ್ಟಿಗೆ ಬರಲು ಹಿಂದೆ ಹಿಂದೆ ಹೋಗಬೇಕು. ಹಾಡಿಕೆಗಾಗಿಯೇ ಆಟಕ್ಕೆ ಹೋಗುವವರು ಕ್ಯಾನನ್ ತರಹದ್ದನ್ನೇ ಆರಿಸಲಿ. ನಾನು ಹಿಮ್ಮೇಳದ ಬಳಿ ಪುಟ್ಟ ವಾಯ್ಸ್ ರೆಕಾರ್ಡರ್ ಇಟ್ಟು, ಮನೆಗೆ ಬಂದು ಜಾಗಟೆಯ ಮೊದಲ ಪೆಟ್ಟಿಗೆ ಚಿತ್ರವನ್ನು ಹೊಂದಿಸಿಕೊಳ್ಳುತ್ತೇನೆ.

ಕಾರ್ಡಿನಿಂದ ಕಡತ ಇಳಿಸುವಾಗ ಒಂದು ಎಚ್ಚರ. ಎವಿಸಿಎಚ್‌ಡಿ ದೀರ್ಘ ದಾಖಲೆಯನ್ನು ತುಂಡು ತುಂಡಾಗಿ ಇಡುತ್ತದೆ. ಎಂಟಿಎಸ್ ಎಂಬ ಆ ತುಂಡು ಕಡತಗಳನ್ನಷ್ಟೇ ಎಳೆದುಕೊಂಡು ಸಾಲಾಗಿ ನುಡಿಸಿದರೆ ಬೆಸುಗೆಯ ಜಾಗದಲ್ಲಿ ಧ್ವನಿ ಮುಗ್ಗರಿಸಬಹುದು. ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ಜೋಡಿಸುವ ಕೆಲಸವನ್ನು ತಂತ್ರಾಂಶಕ್ಕೆ ಬಿಡಿ. ಇದೇ ಕ್ಯಾಮೆರಾ ದೊಡ್ಡ ಕಡತದ ಜೊತೆಗೆ ಎಂಪಿ4ನಲ್ಲಿ 720ಪಿಯ ಕಿರು ಪ್ರತಿಯನ್ನೂ ಬರೆದಿಡಬಲ್ಲದು, ಸೆಕೆಂಡಿಗೆ 3 ಮೆಗಾಬಿಟ್‌ನಂತೆ. ಹತ್ತು ನಿಮಿಷದ ತುಣುಕು 225 ಎಂಬಿ ಆಸುಪಾಸು. ಬೆಳಗ್ಗೆ ಚೌಕಿಯಲ್ಲಿ ಬಣ್ಣ ಒರೆಸುತ್ತಲೇ "ನನ್ನ ಪ್ರವೇಶ ಒಂದು ಕಳಿಸಿ ಮಾರಾಯ್ರೆ" ಎನ್ನುವ ಕಲಾವಿದರಿಗೆ ಕಳಿಸುವುದು ಅದನ್ನೇ.